ಆರು ಟನ್ನಿನ ಗ್ರೈಂಡರ್

ನಾನು ಕಾರ್ಪೊರೇಟ್ ಫೈನಾನ್ಸಿನಲ್ಲಿದ್ದೆ. ಈ ಮಾತನ್ನು ಶಿವಮೊಗ್ಗದಲ್ಲಿ ನನಗಿಂತ ಹೆಚ್ಚು ಸಲ ಹೇಳಿದವರು ನಮ್ಮಮ್ಮ. ತರಕಾರಿ ಗಾಡಿಯವನಿಗೆ, ಹಲ್ಲಿನ ಡಾಕ್ಟರಿಗೆ, ಸಿಟಿ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ ಯಾವುದೋ ಹೆಂಗಸಿಗೆ, ಹೀಗೆ ಸಿಕ್ಕವರಿಗೆಲ್ಲ ಹೇಳುತ್ತಿದ್ದರು. "ಬ್ಯಾಂಕಾ?" ಎಂದು ಯಾರಾದರೂ ಕೇಳಿಬಿಟ್ಟರೆ ಮುಗಿಯಿತು. "ಬ್ಯಾಂಕಲ್ಲ ರೀ, ಅದಕ್ಕಿಂತ ಮೇಲೆ" ಎನ್ನುತ್ತಿದ್ದರು. ಎಷ್ಟು ಮೇಲೆ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಮ್ಮ ಆಫೀಸು ಮೂರನೇ ಮಹಡಿಯಲ್ಲಿತ್ತು, ಅಷ್ಟು ಮಾತ್ರ ಖಚಿತ.

ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎನ್ನುತ್ತಾರಲ್ಲ, ನನ್ನ ಹುದ್ದೆ ಅದೇ ಜಾತಿಯದು. ಅಸಿಸ್ಟೆಂಟ್ ಮ್ಯಾನೇಜರ್, ಕಾರ್ಪೊರೇಟ್ ಫೈನಾನ್ಸ್. ಕುತ್ತಿಗೆಗೆ ಐಡಿ ಕಾರ್ಡು, ತಲೆಯ ಮೇಲೆ ಏಸಿ. ಮೊದಲ ವರ್ಷ ನಾನು ಮಾಡಿದ ಅತಿ ದೊಡ್ಡ ಕೆಲಸವೆಂದರೆ ಒಂದು ಸ್ಲೈಡಿನ ನೀಲಿ ಬಣ್ಣವನ್ನು ಬೇರೆ ನೀಲಿಗೆ ಬದಲಾಯಿಸಿದ್ದು. ಹನ್ನೊಂದು ದಿನ ಹಿಡಿಯಿತು. ಹನ್ನೆರಡನೇ ದಿನ ಹೊರರಾಜ್ಯದ ಹೆಡ್ ಆಫೀಸಿನಿಂದ "ಹಳೆಯ ನೀಲಿಯೇ ಇರಲಿ" ಎಂದು ಮೇಲ್ ಬಂತು. ನಮ್ಮ ಸಾಹೇಬರು ಅದನ್ನು ಓದಿ, "ನೋಡಿದ್ರಾ, ಎಷ್ಟು ಸೂಕ್ಷ್ಮವಾಗಿ ಗಮನಿಸ್ತಾರೆ!" ಎಂದು ಕಣ್ಣರಳಿಸಿದರು. ಲೆಕ್ಕಶಾಸ್ತ್ರದ ಪರೀಕ್ಷೆಗೆ ರಾತ್ರಿಯೆಲ್ಲ ಓದಿ ಪಾಸು ಮಾಡಿದ್ದು ಇದಕ್ಕಾ ಎಂದು ನನಗೆ ಅಳು ಬಂದಿತ್ತು.

ಮನೆಯಲ್ಲಿ ಮಾತ್ರ ನಾನು ಮಹಾಲಕ್ಷ್ಮಿಯ ಅವತಾರ. ನೆಂಟರು ಸೈಟು ಕೊಳ್ಳುವ ಮೊದಲು ನನ್ನನ್ನು ಕೇಳಲು ಬರುತ್ತಿದ್ದರು. ನಾನು ಗಂಭೀರವಾಗಿ, "ಮಾರ್ಕೆಟ್ ನೋಡಿಕೊಂಡು ಮಾಡಿ" ಎನ್ನುತ್ತಿದ್ದೆ. ಅವರು ಅದನ್ನು ದೊಡ್ಡ ಗುಟ್ಟೆಂಬಂತೆ ಕಟ್ಟಿಕೊಂಡು ಹೋಗುತ್ತಿದ್ದರು. ಎರಡನೇ ವರ್ಷಕ್ಕೆ ಆ ಮಾತು ಹೇಳಲೂ ಬೇಜಾರಾಗಿತ್ತು.

ಹಾಗಿದ್ದಾಗ ಭದ್ರಾವತಿಯ ಕೆಲಸ ಬಂತು. ಅಲ್ಲಿ ಊರ ಹೊರಗೆ ನಮ್ಮ ಕಂಪನಿಯದೊಂದು ಎರಕದ ಫ್ಯಾಕ್ಟರಿ ಇತ್ತು. ಕಬ್ಬಿಣ ಕರಗಿಸಿ ಮರಳಿನ ಅಚ್ಚಿಗೆ ಹೊಯ್ದು ಯಂತ್ರದ ಭಾಗ ಮಾಡುವ ಜಾಗ. ಕಂಪನಿಯ ಒಂದೊಂದು ವಸ್ತುವಿಗೂ ಒಂದು ನಂಬರ್ ಇರುತ್ತದೆ. ಪಟ್ಟಿಯಲ್ಲಿರುವ ನಂಬರು ವಸ್ತುವಿನ ಮೇಲೂ ಇದೆಯೇ ಎಂದು ಆರು ತಿಂಗಳಿಗೊಮ್ಮೆ ಯಾರಾದರೂ ಹೋಗಿ ನೋಡಿ, 'ಇದೆ' ಅಥವಾ 'ಇಲ್ಲ' ಎಂದು ಬರೆದು ಸಹಿ ಹಾಕಬೇಕು. ಆ ಸಲ ಆ 'ಯಾರಾದರೂ' ನಾನಾದೆ. ಅಮ್ಮ ಅದನ್ನೂ "ಇಡೀ ಫ್ಯಾಕ್ಟರಿ ಇವಳ ಸಹಿ ಮೇಲೆ ನಿಂತಿದೆ" ಎಂದು ಪ್ರಚಾರ ಮಾಡಿದರು.

ದಿನಾ ಬೆಳಿಗ್ಗೆ ಬಸ್ಸು ಹತ್ತಿ ಭದ್ರಾವತಿಗೆ ಹೋಗುತ್ತಿದ್ದೆ. ಅಲ್ಲಿ ನನ್ನ ಜೊತೆ ತಿರುಗಲು ಕೊಟ್ಟದ್ದು ಮೆಂಟೆನೆನ್ಸಿನ ಮೇಸ್ತ್ರಿಯನ್ನು. ಇವರ ತಾತ ತಮಿಳುನಾಡಿನಿಂದ ಕಾರ್ಖಾನೆ ಕೆಲಸಕ್ಕೆ ಬಂದವರಂತೆ. ಮೇಸ್ತ್ರಿ ಹುಟ್ಟಿ ಬೆಳೆದದ್ದೆಲ್ಲ ಭದ್ರಾವತಿ, ಗಾಬರಿಯಾದಾಗ ಮಾತ್ರ ಬಾಯಲ್ಲಿ ಮುರುಗ ಬರುತ್ತಿದ್ದ.

"ಮೇಡಂ, ನಂಬರ್ ಕೇಳ್ಬೇಡಿ. ಮಿಷನ್ ಹೆಸರು ಹೇಳಿ, ಕಣ್ಣು ಮುಚ್ಕೊಂಡು ತೋರಿಸ್ತೀನಿ" ಎಂದರು ಮೊದಲ ದಿನ.

"ನಂಬರ್ ಇಲ್ದೇ ಇದ್ರೆ ಮಿಷನ್ ಇದ್ರೂ ಇಲ್ಲ ಅಂತ ಲೆಕ್ಕ" ಎಂದೆ.

"ಅಯ್ಯಯ್ಯೋ ಮುರುಗಾ! ಹಂಗಾದ್ರೆ ನನ್ ಮೇಲೂ ನಂಬರ್ ಇಲ್ವಲ್ಲ ಮೇಡಂ."

ಮೂರು ದಿನ ಮಸಿಯಲ್ಲಿ ಹೊರಳಾಡಿ ಎಲ್ಲವನ್ನೂ ಹುಡುಕಿದೆವು. ಹದಿನೇಳು ವಸ್ತುಗಳು ಸಿಗಲಿಲ್ಲ. ನನಗೆ ಬೇಸರವೇನೂ ಆಗಲಿಲ್ಲ. ಹದಿನೇಳು ಸಾಲಿಗೆ 'ಇಲ್ಲ' ಎಂದು ಬರೆದು ಸಾಹೇಬರಿಗೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನ್ ಬಂತು.

"ಏನ್ರೀ ಇದು, 'ಇಲ್ಲ' ಅಂತ ಬರೆದಿದ್ದೀರಿ?"

"ಇಲ್ಲ ಸಾರ್, ಅದಕ್ಕೇ."

"ನೋಡಿ, ಇಲ್ಲ ಅಂತ ಬರೆದ್ರೆ ಯಾಕಿಲ್ಲ ಅಂತ ಕೇಳ್ತಾರೆ. ಇದೆ ಅಂತ ಬರೆದ್ರೆ ಯಾಕಿದೆ ಅಂತ ಯಾರೂ ಕೇಳಲ್ಲ. ಹೋಗಿ ಸರಿಯಾಗಿ ಹುಡುಕಿ."

ಇನ್ನೆರಡು ದಿನ ಹುಡುಕಿದೆ. ಇಲ್ಲದ್ದನ್ನು ಹುಡುಕುವುದಕ್ಕಿಂತ ಬೇಜಾರಿನ ಕೆಲಸ ಪ್ರಪಂಚದಲ್ಲಿ ಬೇರೆ ಇಲ್ಲ. ಎರಡನೇ ದಿನ ಮಧ್ಯಾಹ್ನ ತಲೆ ಕೆಟ್ಟು ಕ್ಯಾಂಟೀನಿಗೆ ಹೋಗಿ ಮೇಜಿನ ಮೇಲೆ ತಲೆಯಿಟ್ಟು ಕೂತುಬಿಟ್ಟೆ.

ಕ್ಯಾಂಟೀನು ಎಂದರೆ ತಗಡಿನ ಶೆಡ್ಡು. ಅದನ್ನು ನಡೆಸುತ್ತಿದ್ದವರನ್ನು ಮ್ಯಾನೇಜರಿನಿಂದ ಹಿಡಿದು ಗೇಟಿನ ಸೆಕ್ಯೂರಿಟಿಯವರೆಗೆ ಎಲ್ಲರೂ ಅಕ್ಕ ಎನ್ನುತ್ತಿದ್ದರು. ಸಣಕಲು ಹೆಂಗಸು, ನಲವತ್ತೈದು ಕೆಜಿ ತೂಗಿದರೆ ಹೆಚ್ಚು. ಬೆಳಿಗ್ಗೆ ಅರವತ್ತು ಜನಕ್ಕೆ ಇಡ್ಲಿ, ದೋಸೆ. ಕಂಪನಿ ಕೊಟ್ಟದ್ದು ಆ ಶೆಡ್ಡು, ಒಂದು ನಲ್ಲಿ, ಕರೆಂಟು. ಉಳಿದದ್ದೆಲ್ಲ ಅಕ್ಕ ಮನೆಯಿಂದ ತಂದದ್ದು. ಅದರಲ್ಲಿ ಮುಖ್ಯವಾದದ್ದು ಅವರ ಗ್ರೈಂಡರು. ಹೋಟೆಲಿನಲ್ಲಿರುತ್ತದಲ್ಲ, ಕಲ್ಲಿನದು, ಬಗ್ಗಿಸಿ ಹಿಟ್ಟು ಸುರಿಯುವಂಥದ್ದು.

"ನನ್ ಗಂಡ ತೀರ್ಕೊಂಡ ವರ್ಷ ತಗೊಂಡಿದ್ದು ಮೇಡಂ" ಎಂದಿದ್ದರು ನನಗೆ ಮೊದಲ ದಿನವೇ ಶುಂಠಿ ಟೀ ಕೊಡುತ್ತ. "ಅವ್ನೂ ದಿನಾ ತಿರುಗ್ತಿದ್ದ, ಇದೂ ದಿನಾ ತಿರುಗುತ್ತೆ. ಆದ್ರೆ ಇದು ತಿರುಗಿದ್ರೆ ನಾಕು ಜನ ಉಣ್ತಾರೆ."

ಆ ದಿನ ನನ್ನ ಮುಖ ನೋಡಿ ಅಕ್ಕ ಕೇಳದೆಯೇ ಎರಡು ಇಡ್ಲಿ ತಂದಿಟ್ಟರು. "ಯಾಕೆ ಮಾರಾಯ್ರೇ, ಹಿಂಗೆ ಕೂತಿದೀರ? ಮೊದ್ಲು ತಿನ್ನಿ. ಹೊಟ್ಟೆ ಖಾಲಿ ಇದ್ರೆ ಕಣ್ಮುಂದೆ ಇರೋದೂ ಕಾಣಲ್ಲ" ಎಂದರು. ತಿಂದೆ. ದುಡ್ಡು ಕೊಡಲು ಹೋದರೆ ಕೈ ತಳ್ಳಿದರು. ಮೇಸ್ತ್ರಿ ನನ್ನ ಕೈಯಿಂದ ಹದಿನೇಳು ನಂಬರಿನ ಚೀಟಿ ಇಸಿದುಕೊಂಡು ಜೇಬಿಗಿಟ್ಟರು. "ಆಯುಧಪೂಜೆ ಮುಗಿಸ್ಕೊಂಡು ಬನ್ನಿ ಮೇಡಂ. ಏನೋ ಒಂದು ಆಗುತ್ತೆ" ಎಂದರು. ಪಟ್ಟಿ ಕಳಿಸಲು ಹಬ್ಬದ ಮರುವಾರದವರೆಗೆ ಸಮಯವಿತ್ತು. ನಾನು ಶಿವಮೊಗ್ಗಕ್ಕೆ ಬಂದು ಮಲಗಿದೆ.

ಭದ್ರಾವತಿಯ ಆಯುಧಪೂಜೆ ಗೊತ್ತಿರುವವರಿಗೆ ಮುಂದಿನದು ಹೇಳಬೇಕಿಲ್ಲ. ಹಬ್ಬದ ಹಿಂದಿನ ವಾರ ಕಾರ್ಖಾನೆಗಳಲ್ಲಿ ಕೆಲಸಕ್ಕಿಂತ ತೊಳೆಯುವುದು, ಬಳಿಯುವುದು ಹೆಚ್ಚು. ಎಲ್ಲ ಯಂತ್ರಕ್ಕೂ ಹೊಸ ಪೇಂಟು, ಅದರ ಮೇಲೆ ನಂಬರು, ನಂಬರಿನ ಮೇಲೆ ಕುಂಕುಮ, ಚೆಂಡುಹೂವು. ಪೇಂಟಿನ ಡಬ್ಬಿ ಮೇಸ್ತ್ರಿಯ ಕೈಯಲ್ಲಿ. ಹಬ್ಬ ಮುಗಿಸಿ ನಾನು ಹೋದಾಗ ಗೇಟಿನಲ್ಲಿ ಒಡೆದ ಬೂದುಗುಂಬಳದ ಚೂರಿನ್ನೂ ಬಿದ್ದಿತ್ತು. ಮೇಸ್ತ್ರಿ ಮದುವೆ ಮನೆಯವರ ಹಾಗೆ ಎದುರುಗೊಂಡರು.

"ಹದಿನೇಳೂ ಸಿಕ್ವು ಮೇಡಂ."

"ಎಲ್ಲಿ?"

"ಬನ್ನಿ ತೋರಿಸ್ತೀನಿ."

ಮೊದಲು ಕರೆದುಕೊಂಡು ಹೋದದ್ದು ಹಿತ್ತಲಿನ ಬೇವಿನ ಮರದ ಹತ್ತಿರ. ಕಾಂಡಕ್ಕೆ ಮೊಳ ಅಗಲ ಹಸಿರು ಪೇಂಟು, ಮೇಲೆ ಬಿಳಿಯಲ್ಲಿ ನಂಬರು. ನಾನು ಪಟ್ಟಿ ನೋಡಿದೆ. ಕೂಲಿಂಗ್ ಟವರ್.

"ಮರ ರೀ ಇದು!"

"ತಂಪು ಕೊಡುತ್ತಲ್ವಾ ಮೇಡಂ? ಎತ್ತರಾನೂ ಇದೆ."

ಸೆಕ್ಯೂರಿಟಿಯವರು ಕೂರುವ ಬೆಂಚಿನ ಮೇಲೆ ಫೋಟೋಕಾಪಿ ಮಿಷನ್ನಿನ ನಂಬರು. ಅಲ್ಲಿ ಇಬ್ಬರು ಸೆಕ್ಯೂರಿಟಿಯವರು ಒಂದೇ ಥರದ ಯೂನಿಫಾರಂನಲ್ಲಿ ಒಂದೇ ಥರ ಕಾಲು ಚಾಚಿ ಕೂತಿದ್ದರು. "ನೋಡಿ, ಒಂದರ ಹಾಗೆ ಇನ್ನೊಂದು" ಎಂದರು ಮೇಸ್ತ್ರಿ. ಸ್ಟೋರಿನ ಕಿಟಕಿಗೆ ಏರ್ ಕಂಡಿಷನರ್ ನಂಬರು. "ತೆಗೆದ್ರೆ ಗಾಳಿ ಬರುತ್ತೆ, ಮುಚ್ಚಿದ್ರೆ ಬರಲ್ಲ. ಕಂಟ್ರೋಲು ನಮ್ ಕೈಲೇ ಇದೆ." ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಆಮೇಲೆ ತಡೆಯಲಾಗದೆ ಬೇವಿನ ಮರ ಹಿಡಿದುಕೊಂಡು ಹೊಟ್ಟೆ ನೋಯುವಷ್ಟು ನಕ್ಕೆ. ಎರಡು ವರ್ಷದ ನೌಕರಿಯಲ್ಲಿ ನಾನು ನಕ್ಕದ್ದು ಅದೇ ಮೊದಲು.

ಕೊನೆಯದು ಕ್ಯಾಂಟೀನಿನಲ್ಲಿತ್ತು. ಅಕ್ಕನ ಗ್ರೈಂಡರಿಗೆ ಹಸಿರು ಬಳಿದು ನಂಬರು ಬರೆದಿದ್ದರು. ಪಟ್ಟಿಯಲ್ಲಿ ಅದು ಮರಳು ಕಲೆಸುವ ಮಿಕ್ಸರ್, ತೂಕ ಆರು ಟನ್.

"ಇದು ಅಕ್ಕನ ಸ್ವಂತದ್ದಲ್ವಾ?" ಎಂದೆ.

"ಯಾರು ಕೇಳ್ತಾರೆ ಮೇಡಂ. ಎರಡೂ ಕಲೆಸೋದೇ ತಾನೆ. ಆಮೇಲೆ ಅಳಿಸಿದ್ರಾಯ್ತು."

ಅಕ್ಕನಿಗೆ ಅದರ ಒಳಗುಟ್ಟು ಏನೂ ಗೊತ್ತಿರಲಿಲ್ಲ. ತಮ್ಮ ಗ್ರೈಂಡರಿಗೂ ದೊಡ್ಡ ಮಿಷನ್ನುಗಳ ಹಾಗೆ ನಂಬರು ಬಂತೆಂದು ಸಂಭ್ರಮವೋ ಸಂಭ್ರಮ. ಕುಂಕುಮ ಹಚ್ಚಿ, ಹೂವಿಟ್ಟು, "ಈ ವರ್ಷ ನಮ್ಮನ್ನೂ ಫ್ಯಾಕ್ಟರಿಗೆ ಸೇರಿಸ್ಕೊಂಡ್ರು ನೋಡಿ" ಎಂದು ನನ್ನ ಕೈಗೆ ಪುಳಿಯೋಗರೆ ಹಾಕಿದರು.

ನಾನು ಹದಿನೇಳು ಸಾಲಿಗೂ 'ಇದೆ' ಎಂದು ಬರೆದೆ. ಕಣ್ಣಾರೆ ನೋಡಿ ಪರಿಶೀಲಿಸಿದ್ದೇನೆ ಎಂದು ಸಹಿ ಹಾಕಿದೆ. ಬೇವಿನ ಮರಕ್ಕೆ 'ಇದೆ' ಎಂದದ್ದು ತಮಾಷೆ. ಇನ್ನೊಬ್ಬರ ಗ್ರೈಂಡರಿಗೆ ಅಂದದ್ದು ತಪ್ಪು. ಅವತ್ತು ನನಗೆ ಆ ವ್ಯತ್ಯಾಸ ತಿಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಚೆನ್ನಾಗಿ ತಿಳಿದಿತ್ತು. ಬಸ್ಸಿಗೆ ಹೊತ್ತಾಗಿತ್ತು, ಅಷ್ಟೇ.

ಹೆಡ್ ಆಫೀಸು ಕುಣಿದಾಡಿತು. ದೇಶದಲ್ಲಿರುವ ಅವರ ಎಲ್ಲ ಫ್ಯಾಕ್ಟರಿಗಳಲ್ಲಿ ಒಂದೇ ಒಂದು ವಸ್ತುವೂ ಕಳೆಯದೆ ಇದ್ದದ್ದು ಭದ್ರಾವತಿಯಲ್ಲಿ ಮಾತ್ರ. ವೀಡಿಯೋ ಮೀಟಿಂಗಿನಲ್ಲಿ ನನಗೆ ಚಪ್ಪಾಳೆ ತಟ್ಟಿದರು. ಕೊರಿಯರಿನಲ್ಲಿ ಗಾಜಿನ ಸ್ಮರಣಿಕೆ ಬಂತು. ಸಾಹೇಬರು ಎಲ್ಲರಿಗೂ ಬೆಣ್ಣೆ ಬಿಸ್ಕತ್ತು ತರಿಸಿದರು. ನಾನು ಮನೆಗೆ ಬಂದು ಅಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದೆ. ಮರ, ಬೆಂಚು, ಕಿಟಕಿ, ಎಲ್ಲ. ಅಮ್ಮ ಪೂರ್ತಿ ಕೇಳಿಸಿಕೊಂಡು, "ಸುಮ್ನಿರೇ, ಯಾರಾದ್ರೂ ಕೇಳಿಸ್ಕೊಂಡಾರು" ಎಂದು ಸ್ಮರಣಿಕೆಯನ್ನು ಒರೆಸಿ ಶೋಕೇಸಿನಲ್ಲಿಟ್ಟರು. ಮರುದಿನ ನಮ್ಮ ಬೀದಿಗೆಲ್ಲ ಗೊತ್ತಾಯಿತು, ಇಡೀ ದೇಶಕ್ಕೇ ನಾನು ಫಸ್ಟು ಎಂದು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಎರಡು ತಿಂಗಳು ಕಳೆಯುವುದರೊಳಗೆ ಹೆಡ್ ಆಫೀಸಿನಿಂದ ಒಂದು ಆದೇಶ ಹೊರಟಿತು. ಅವರ ಇನ್ನೊಂದು ಫ್ಯಾಕ್ಟರಿಗೆ ಮರಳಿನ ಮಿಕ್ಸರ್ ಬೇಕಾಗಿತ್ತಂತೆ. ಭದ್ರಾವತಿಯಲ್ಲಿ ಒಂದು ಇದೆಯೆಂದು ನನ್ನ ಪಟ್ಟಿ ಹೇಳುತ್ತಿತ್ತು. ಅದನ್ನು ಕೂಡಲೇ ಕಳಿಸಿ ಎಂದು ಆದೇಶ. ಯಾರನ್ನೂ ಕೇಳಲಿಲ್ಲ, ನೇರವಾಗಿ ಲಾರಿ ಬಂತು. ಹದಿನಾರು ಚಕ್ರದ ಲಾರಿ, ಹಿಂದೆ ಒಂದು ಕ್ರೇನು.

ಮೇಸ್ತ್ರಿ ಫೋನ್ ಮಾಡಿದಾಗ ನಾನು ಆಫೀಸಿನಲ್ಲಿದ್ದೆ. "ಮುರುಗಾ ಮುರುಗಾ, ಮೇಡಂ, ಕ್ರೇನ್ ಬಂದು ಕ್ಯಾಂಟೀನ್ ಮುಂದೆ ನಿಂತಿದೆ! ಡ್ರೈವರ್ ನಂಬರ್ ನೋಡ್ದ. ಗ್ರೈಂಡರ್ ನೋಡ್ದ. ಮತ್ತೆ ನಂಬರ್ ನೋಡ್ದ. ನಂಬರ್ ಸರಿ ಇದೆ, ತಗೊಂಡೋಗ್ತೀನಿ ಅಂತಾನೆ!"

ಹಿಂದೆ ಅಕ್ಕನ ದನಿ ಕೇಳುತ್ತಿತ್ತು. "ಇದು ನಂದು ಕಣಯ್ಯಾ! ನನ್ ದುಡ್ಡಲ್ಲಿ ತಗೊಂಡಿರೋದು! ಮುಟ್ಟಿದ್ರೆ ನೋಡು!"

"ಸಂಜೆವರೆಗೆ ಲಾರಿ ನಿಲ್ಸಿ" ಎಂದು ನಾನು ಸಾಹೇಬರ ಕೋಣೆಗೆ ಓಡಿದೆ. ಅವರು ಮೀಟಿಂಗಿನಲ್ಲಿದ್ದರು. ಹೊರಗೆ ಬಂದವರು ವಿಷಯ ಕೇಳಿ, "ನಾಳೆ ನೋಡೋಣ" ಎಂದರು. ನಾನು ಅಲ್ಲೇ ನಿಂತು ಒತ್ತಾಯ ಮಾಡಬೇಕಿತ್ತು. "ಆಯ್ತು ಸಾರ್" ಎಂದೆ.

ಅಕ್ಕ ನಾಳೆಯವರೆಗೆ ಕಾಯುವ ಹೆಂಗಸಲ್ಲ. ಮಧ್ಯಾಹ್ನ ತಮ್ಮನ ಆಟೋ ಕರೆಸಿ, ಗ್ರೈಂಡರನ್ನು ಹಿಂದಿನ ಸೀಟಿನ ಜಾಗಕ್ಕೆ ತುರುಕಿ, ಓಲ್ಡ್ ಟೌನಿನ ತಮ್ಮ ಮನೆಗೆ ಸಾಗಿಸಿಬಿಟ್ಟರು. ಗೇಟಿನಲ್ಲಿ ಯಾರೂ ತಡೆಯಲಿಲ್ಲ. ಹನ್ನೊಂದು ವರ್ಷ ಅವರ ಕೈಯ ಇಡ್ಲಿ ತಿಂದವರು ಯಾವ ಬಾಯಲ್ಲಿ ತಡೆದಾರು? ಡ್ರೈವರು 'ವಸ್ತು ಸ್ಥಳದಲ್ಲಿಲ್ಲ' ಎಂದು ಬರೆದುಕೊಂಡು ಕ್ರೇನಿನ ಸಮೇತ ವಾಪಸು ಹೋದ.

ಈಗ ಹೆಡ್ ಆಫೀಸಿನ ಕಂಪ್ಯೂಟರು ಕೂಡಿಸಿ ಕಳೆಯಿತು. ಹಬ್ಬದಲ್ಲಿ ಇದ್ದ ಆರು ಟನ್ನಿನ ಯಂತ್ರ ಈಗ ಇಲ್ಲ. ಸಿಸಿಟಿವಿಯಲ್ಲಿ ಕ್ಯಾಂಟೀನಿನ ಹೆಂಗಸು ಅದನ್ನು ಸಾಗಿಸಿದ್ದು ಕಾಣುತ್ತದೆ. ಆದ್ದರಿಂದ ಕಳ್ಳತನ. ಅಕ್ಕ ಗೇಟಿನೊಳಗೆ ಬರಬಾರದು ಎಂದು ನೋಟೀಸು ಅಂಟಿಸಿದರು. ವಿಚಾರಣೆ ಮುಗಿದ ಕೂಡಲೇ ಪೊಲೀಸರಿಗೆ ದೂರು ಎಂದರು. ಅಲ್ಲಿಯವರೆಗೆ ಇರಲಿ ಎಂದು ಕ್ಯಾಂಟೀನನ್ನು ಯಾವುದೋ ಕೇಟರಿಂಗ್‌ನವರಿಗೆ ಕೊಟ್ಟರು.

ಅಕ್ಕ ನನಗೆ ಫೋನ್ ಮಾಡಿದರು. ಅಳುತ್ತಿರಲಿಲ್ಲ, ದನಿ ಮಾತ್ರ ಸಣ್ಣಗಾಗಿತ್ತು. "ಪೊಲೀಸ್ ಸ್ಟೇಷನ್ ಮೆಟ್ಲು ಹತ್ತಿದ್ರೆ ನಮ್ ಬೀದೀಲಿ ನನ್ ಕೈಲಿ ಯಾರು ತಿಂತಾರೆ ಮೇಡಂ? ನನ್ ಬದುಕೇ ಅದು. ನಿಮಗ್ ಗೊತ್ತಲ್ಲ ಅದು ನಂದೇ ಅಂತ. ನೀವೊಂದ್ ಮಾತು ಹೇಳಿ, ಸಾಕು."

"ಹೇಳ್ತೀನಿ ಅಕ್ಕಾ. ಖಂಡಿತ ಹೇಳ್ತೀನಿ."

ವಿಚಾರಣೆಯ ದಿನ ಸಾಹೇಬರು ನನ್ನನ್ನು ತಮ್ಮ ಕಾರಿನಲ್ಲೇ ಭದ್ರಾವತಿಗೆ ಕರೆದುಕೊಂಡು ಹೊರಟರು. ಊರು ದಾಟುವವರೆಗೆ ಸುಮ್ಮನಿದ್ದು ಆಮೇಲೆ ಶುರು ಮಾಡಿದರು. "ನೋಡಿ, ಸುಳ್ಳು ಹೇಳಿ ಅಂತ ನಾನು ಯಾವತ್ತೂ ಹೇಳಲ್ಲ. ಕೇಳಿದ್ರೆ 'ರೆಕಾರ್ಡ್ ಪ್ರಕಾರ ಇತ್ತು' ಅಂದ್ಬಿಡಿ. ಅದು ಸತ್ಯ ತಾನೆ? ನಿಮ್ದು ಏಪ್ರಿಲ್‌ನಲ್ಲಿ ಪ್ರಮೋಷನ್ ಇದೆ. ನಿಮ್ಮಿಂದ ನನ್ನ ಕೆಲಸಾನೂ ಹೋಗೋದು ಬೇಡ. ಆ ಹೆಂಗಸಿಗೆ ಬೇಕಾದ್ರೆ ನಾವಿಬ್ರೂ ಸೇರಿ ಹೊಸ ಗ್ರೈಂಡರ್ ಕೊಡಿಸೋಣ."

ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಹೌದು ಎನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ.

ಹೆಡ್ ಆಫೀಸಿನಿಂದ ವಿಚಾರಣೆಗೆ ಬಂದಿದ್ದ ಅಧಿಕಾರಿ ಒಳ್ಳೆಯವರೇ. ಆದರೆ ಅಚ್ಚ ಪುಸ್ತಕದ ಕನ್ನಡ, ಮುಂದೆ ಅಚ್ಚು ಹಾಕಿದ ಪ್ರಶ್ನೆಗಳ ಫಾರಂ. ಅದರ ಆಚೆ ಒಂದು ಅಕ್ಷರ ಕೇಳುತ್ತಿರಲಿಲ್ಲ. ಉದ್ದ ಮೇಜಿನ ಒಂದು ತುದಿಗೆ ಅವರು, ಇನ್ನೊಂದು ತುದಿಗೆ ಇಸ್ತ್ರಿ ಮಾಡಿದ ಸೀರೆಯುಟ್ಟ ಅಕ್ಕ. ಒಂದು ಬದಿಗೆ ನಾನು, ಸಾಹೇಬರು. ಮೇಸ್ತ್ರಿ ಬಾಗಿಲ ಹತ್ತಿರ ನಿಂತಿದ್ದರು.

"ಆರು ಟನ್ ತೂಕದ ಯಂತ್ರವನ್ನು ಯಾವ ವಾಹನದಲ್ಲಿ ಸಾಗಿಸಿದಿರಿ?"

"ಆಟೋದಲ್ಲಿ ಸಾರ್."

ಅಧಿಕಾರಿ ಬರೆದುಕೊಂಡರು. ಪೆನ್ನು ಒಂದು ಗಳಿಗೆ ನಿಂತಿತು. "ಎಷ್ಟು ಬಾರಿ?"

"ಒಂದೇ ಸಲ ಸಾರ್."

"ಯಂತ್ರವನ್ನು ಎತ್ತಲು ಎಷ್ಟು ಜನರನ್ನು ಬಳಸಿದಿರಿ?"

"ನಾನು ಒಂದ್ ಕಡೆ, ನನ್ ತಮ್ಮ ಒಂದ್ ಕಡೆ. ತಿರುಗೋ ಕಲ್ಲನ್ನ ಮಾತ್ರ ಬೇರೆ ತೆಗೆದು ಮಡಿಲಲ್ಲಿ ಇಟ್ಕೊಂಡಿದ್ದೆ."

'ಇಬ್ಬರು' ಎಂದು ಬರೆದರು. "ಯಂತ್ರದಿಂದ ಏನು ಉತ್ಪಾದನೆ ಮಾಡುತ್ತಿದ್ದೀರಿ?"

"ಇಡ್ಲಿ ಹಿಟ್ಟು ಸಾರ್. ಶನಿವಾರ ಪಡ್ಡು."

ಬಾಗಿಲ ಹತ್ತಿರ ಮೇಸ್ತ್ರಿ ಕೆಮ್ಮಿದರು. ಬೇರೆ ದಿನವಾಗಿದ್ದರೆ ನಾನು ಎದ್ದು ಹೊರಗೆ ಹೋಗಿ ನಕ್ಕು ಬರುತ್ತಿದ್ದೆ. ಅಕ್ಕ ಮಾತ್ರ ಒಂದೊಂದಕ್ಕೂ ಪರೀಕ್ಷೆಗೆ ಕೂತ ಮಗುವಿನ ಹಾಗೆ ನಿಜವನ್ನೇ ಹೇಳುತ್ತಿದ್ದರು. ಹೇಳಿದ ನಿಜವೆಲ್ಲ ಫಾರಮ್ಮಿನಲ್ಲಿ ಇಳಿದ ಕೂಡಲೇ ಕಳ್ಳತನದ ತಪ್ಪೊಪ್ಪಿಗೆಯಾಗುತ್ತಿತ್ತು. ಅಧಿಕಾರಿ ಪೆನ್ನು ಕೆಳಗಿಟ್ಟು, "ಈ ಕೋಣೆಯಲ್ಲಿ ಯಾರೋ ಸತ್ಯವನ್ನು ಮರೆಮಾಚುತ್ತಿದ್ದಾರೆ" ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಕೈ ತಾನಾಗಿ ಕುತ್ತಿಗೆಯ ಐಡಿ ಕಾರ್ಡಿಗೆ ಹೋಯಿತು.

ಅವರು ನನ್ನ ಕಡೆ ತಿರುಗಿದರು. "ಯಂತ್ರವನ್ನು ನೀವು ಕಣ್ಣಾರೆ ನೋಡಿದ್ದಿರಾ?"

ಅಕ್ಕ ನನ್ನನ್ನೇ ನೋಡುತ್ತಿದ್ದರು. ಮುಖದಲ್ಲಿ ಭಯವಿರಲಿಲ್ಲ, ಬದಲಿಗೆ ಒಂದು ನೆಮ್ಮದಿ ಇತ್ತು. ಇನ್ನೇನು, ಮೇಡಂ ಹೇಳಿಬಿಡುತ್ತಾರೆ ಎನ್ನುವ ನೆಮ್ಮದಿ.

"ರೆಕಾರ್ಡ್ ಪ್ರಕಾರ ಇತ್ತು ಸಾರ್" ಎಂದೆ.

ನನ್ನ ಬಾಯಿಂದಲೇ ಬಂತು. ಯಾರೂ ನನ್ನ ಕುತ್ತಿಗೆ ಹಿಸುಕಿರಲಿಲ್ಲ. ಪಕ್ಕದಲ್ಲಿ ಸಾಹೇಬರು ನಿಧಾನಕ್ಕೆ ಉಸಿರು ಬಿಟ್ಟದ್ದು ಕೇಳಿಸಿತು. ಅಕ್ಕ ಜಗಳ ಮಾಡಬಹುದಿತ್ತು, ಶಾಪ ಹಾಕಬಹುದಿತ್ತು. ಕ್ರೇನಿನವನ ಮೇಲೆ ಕೂಗಾಡಿದ್ದ ಹೆಂಗಸು ನನ್ನ ಮಾತು ಕೇಳಿ ತಲೆ ತಗ್ಗಿಸಿ ತಮ್ಮ ಅಂಗೈ ನೋಡಿಕೊಳ್ಳುತ್ತ ಕೂತರು.

ಅಧಿಕಾರಿ ಇನ್ನೊಂದಷ್ಟು ಹೊತ್ತು ಬರೆದು, ಬರೆದದ್ದನ್ನು ಗಟ್ಟಿಯಾಗಿ ಓದಿದರು. "ಆರು ಟನ್ ತೂಕದ, ಕಂಪನಿಗೆ ಸೇರಿದ ಯಂತ್ರವನ್ನು ನಾನು ನನ್ನ ತಮ್ಮನ ಸಹಾಯದಿಂದ ಆಟೋರಿಕ್ಷಾದಲ್ಲಿ ಒಂದೇ ಬಾರಿಗೆ ಮನೆಗೆ ಸಾಗಿಸಿರುತ್ತೇನೆ." ಯಾರೂ ನಗಲಿಲ್ಲ. ಹಾಳೆಯನ್ನು ಮೇಜಿನ ಮೇಲೆ ಜಾರಿಸಿ, "ಸಹಿ ಮಾಡಿ" ಎಂದರು. ಅಕ್ಕ ಪೆನ್ನು ತೆಗೆದುಕೊಂಡರು. ಎಲ್ಲಿ ಎನ್ನುವ ಹಾಗೆ ನೋಡಿದರು. ಅಧಿಕಾರಿ ಬೆರಳಿಟ್ಟು ತೋರಿಸಿದರು.

"ಹಾಕ್ಬೇಡಿ ಅಕ್ಕಾ!"

ನಾನು ಎದ್ದು ನಿಂತಿದ್ದೆ. ಕುರ್ಚಿ ಹಿಂದಕ್ಕೆ ಬಿದ್ದಿತ್ತು. "ಸಾರ್, ಅದು ಅಕ್ಕನ ಸ್ವಂತ ಗ್ರೈಂಡರ್. ಮಿಕ್ಸರ್ ನಾನು ನೋಡೇ ಇಲ್ಲ. ಇದೆ ಅಂತ ಸುಳ್ಳು ಬರೆದೆ. ಬೇಕಾದ್ರೆ ಹಿತ್ತಲಿಗೆ ಬನ್ನಿ, ಕೂಲಿಂಗ್ ಟವರ್ ಅಂತ ಬೇವಿನ ಮರಕ್ಕೆ ನಂಬರ್ ಹಾಕಿದ್ದೀವಿ, ಅದನ್ನೂ ತೋರಿಸ್ತೀನಿ."

ಹೋದೆವು. ಅಧಿಕಾರಿ ಮರವನ್ನು ಮೂರು ಸುತ್ತು ಬಂದರು. ಪ್ರದಕ್ಷಿಣೆ ಮುಗಿಸಿದವರ ಹಾಗೆ ನಿಂತು, "ಹಾಗಾದರೆ ಮಿಕ್ಸರ್ ಎಲ್ಲಿ?" ಎಂದರು.

"ಅದು ನಾನು ಕೆಲಸಕ್ಕೆ ಸೇರೋಕ್ ಮುಂಚೇನೇ ಗುಜರಿಗೆ ಹೋಯ್ತಂತೆ ಸಾರ್" ಎಂದರು ಮೇಸ್ತ್ರಿ.

"ಇದನ್ನು ಇಷ್ಟು ವರ್ಷ ಯಾಕೆ ಯಾರೂ ಹೇಳಲಿಲ್ಲ?"

"ಯಾರೂ ಕೇಳ್ಲಿಲ್ಲ ಸಾರ್. ಎಲ್ರೂ ನಂಬರ್ ಕೇಳ್ತಿದ್ರು."

ದೂರು ಅಲ್ಲಿಗೆ ನಿಂತಿತು. ನನ್ನಿಂದ ರಾಜೀನಾಮೆ ಬರೆಸಿಕೊಂಡರು. ನಿಜ ಹೇಳಬೇಕೆಂದರೆ ಬರೆದ ಮೇಲೆ ಹಗುರವೇ ಆಯಿತು. ಮೇಸ್ತ್ರಿಗೆ ಒಂದು ಎಚ್ಚರಿಕೆ ಪತ್ರ ಬಂತು. ಸಾಹೇಬರಿಗೆ ಏನೂ ಆಗಲಿಲ್ಲ, ಅವರು ಯಾವ ಹಾಳೆಗೂ ಸಹಿ ಹಾಕಿರಲಿಲ್ಲ. ಅಮ್ಮ ಮೂರು ದಿನ ನನ್ನೊಡನೆ ಮಾತು ಬಿಟ್ಟರು. ನಾಲ್ಕನೇ ದಿನ ಗೇಟಿನಲ್ಲಿ ಪಕ್ಕದ ಮನೆಯವರಿಗೆ, "ಆ ಕೆಲ್ಸ ಇವಳ ಯೋಗ್ಯತೆಗೆ ಕಮ್ಮಿ ಆಯ್ತು ರೀ" ಎನ್ನುತ್ತಿದ್ದರು. ಈಗ ನಾನು ಒಂದು ಟ್ಯೂಷನ್ ಸೆಂಟರಿನಲ್ಲಿ ಪಿಯುಸಿ ಮಕ್ಕಳಿಗೆ ಕಾಮರ್ಸ್ ಹೇಳಿಕೊಡುತ್ತೇನೆ.

ಅಕ್ಕನಿಗೆ ಮಾತ್ರ ಕ್ಯಾಂಟೀನು ವಾಪಸು ಸಿಗಲಿಲ್ಲ. ಅಷ್ಟರಲ್ಲಿ ಕೇಟರಿಂಗ್‌ನವರ ಜೊತೆ ಮೂರು ವರ್ಷದ ಒಪ್ಪಂದ ಆಗಿಹೋಗಿತ್ತು. ನಾನು ಇದೇ ಮಾತನ್ನು ಲಾರಿ ಬಂದ ದಿನ ಹೇಳಿದ್ದರೆ ಹಾಗಾಗುತ್ತಿರಲಿಲ್ಲ.

ಅವರ ಮನೆ ಹುಡುಕಿಕೊಂಡು ಹೋಗಲು ನನಗೆ ಎರಡು ತಿಂಗಳು ಬೇಕಾಯಿತು. ಓಲ್ಡ್ ಟೌನಿನ ಒಂದು ಓಣಿ. ನಡುಮನೆಯಲ್ಲಿ ಗ್ರೈಂಡರು ತಿರುಗುತ್ತಿತ್ತು. ಅಕ್ಕ ಈಗ ದೋಸೆಹಿಟ್ಟು ರುಬ್ಬಿ ಸುತ್ತಲಿನ ಮನೆಗಳಿಗೆ ಮಾರುತ್ತಾರೆ. ನನ್ನನ್ನು ನೋಡಿ ಸೆರಗಿಗೆ ಕೈ ಒರೆಸಿಕೊಂಡು, "ಬಾರೇ, ಕೂತ್ಕೋ. ಇನ್ಮೇಲೆ ಮೇಡಂ ಅನ್ನಲ್ಲ, ಆಯ್ತಾ?" ಎಂದು ನಕ್ಕರು. ದಾರಿಯುದ್ದಕ್ಕೂ ಏನೇನೋ ಮಾತು ಕಟ್ಟಿಕೊಂಡು ಬಂದಿದ್ದೆ. "ನನ್ನಿಂದ ತಪ್ಪಾಯ್ತು ಅಕ್ಕಾ" ಎಂದಷ್ಟೇ ಹೇಳಿದೆ.

"ಹೋಗ್ಲಿ ಬಿಡು. ಕೊನೆಗಾದ್ರೂ ಹೇಳ್ದೆಯಲ್ಲ." ಅಕ್ಕ ಬಗ್ಗಿ ಹಿಟ್ಟಿನ ಹದ ನೋಡಿದರು. ಸಿಟ್ಟಿಲ್ಲದೆ, ಅಕ್ಕಿ ಬೇಳೆಯ ವಿಷಯ ಹೇಳುವ ಹಾಗೆ ಹೇಳಿದರು. "ಅವ್ರು ಕಳ್ಳಿ ಅಂದಿದ್ದು ನಂಗೆ ತಾಗ್ಲೇ ಇಲ್ಲ. ಅವ್ರಿಗೇನು ಗೊತ್ತು ನಾನ್ಯಾರು ಅಂತ. ನೀನು ನನ್ ಕೈಲಿ ತಿಂದೋಳು, ಓದ್ದೋಳು. ನೀನೂ ಹಂಗೇ ಅಂದಾಗ ನಂಗೆ ಒಂದ್ ಗಳಿಗೆ ನಿಜವಾಗ್ಲೂ ಅನ್ನಿಸ್ಬಿಡ್ತು, ನಾನೇ ಕದ್ನೇನೋ ಅಂತ. ಅದಕ್ಕೇ ಪೆನ್ನು ತಗೊಂಡೆ."